ತೊಳೆದರೆ ಹೋಗುವ ಗಂಧಕ

ನನ್ನ ಹಳೆಯ ಶಿಷ್ಯೆಯೊಬ್ಬಳು ಕಲ್ಲಿದ್ದಲಿನ ಪ್ರಯೋಗಾಲಯದಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿದಳು. ಗಣಿಯವರೂ ವಾಷರಿಯವರೂ ಅವಳನ್ನು ಗಂಧಕದಕ್ಕ ಎಂದೇ ಕರೆಯುತ್ತಿದ್ದರು. ವಾಷರಿ ಎಂದರೆ ಗಣಿಯಿಂದ ಬಂದ ಕಲ್ಲಿದ್ದಲನ್ನು ವಿದ್ಯುತ್ ಸ್ಥಾವರಕ್ಕೆ ಕಳಿಸುವ ಮುನ್ನ ತೊಳೆಯುವ ಕಾರ್ಖಾನೆ. ಅವಳ ಪ್ರಯೋಗಾಲಯ ಅದರ ಬೆನ್ನಿಗೇ ಅಂಟಿಕೊಂಡಿತ್ತು.

ಶಾಲೆಯಲ್ಲಿದ್ದಾಗಲೇ ಅವಳಿಗೆ ಒಂದು ಗುಣವಿತ್ತು. ಹಲಗೆಯ ಮೇಲೆ ನಾನು ಗುಣಾಕಾರ ತಪ್ಪಿದರೆ ಉಳಿದ ಮಕ್ಕಳು ‘ಸಾರ್, ತಪ್ಪು!’ ಎಂದು ಕೂಗುತ್ತಿದ್ದರು. ಇವಳು ಪೆನ್ಸಿಲನ್ನು ಕೆಳಗಿಟ್ಟು, ಕೈ ಕಟ್ಟಿಕೊಂಡು, ನನ್ನ ತಪ್ಪು ನನಗೇ ಕಾಣುವವರೆಗೆ ನನ್ನನ್ನೇ ನೋಡುತ್ತ ಕೂತಿರುತ್ತಿದ್ದಳು. ಅದಕ್ಕಿಂತ ಕೂಗುವುದೇ ವಾಸಿ ಎನ್ನಿಸುತ್ತಿತ್ತು. ದೊಡ್ಡವಳಾದ ಮೇಲೆ ಪೆನ್ಸಿಲಿನ ಬದಲು ಕನ್ನಡಕ ಬಂತು. ಯಾರಾದರೂ ಒಂದೇ ಪ್ರಶ್ನೆಯನ್ನು ಮೂರನೆಯ ಸಲ ಕೇಳಿದರೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಕಣ್ಣು ಮುಚ್ಚಿ, ‘ಇನ್ನೊಂದು ಸಲ ಹೇಳ್ತೀನಿ’ ಎನ್ನುತ್ತಿದ್ದಳು. ಗಣಿಯ ಸ್ಫೋಟಕ್ಕೆ ಹೆದರದವರು ಆ ಮಾತಿಗೆ ಹೆದರುತ್ತಿದ್ದರು.

ಅವಳು ಸಾವಿರ ಸಲ ಹೇಳಿ ರೋಸಿಹೋಗಿದ್ದ ಪಾಠವನ್ನು ಓದುಗರಿಗೆ ನಾನೂ ಒಮ್ಮೆ ಹೇಳಬೇಕು. ಕಲ್ಲಿದ್ದಲಿನಲ್ಲಿ ಗಂಧಕ ಮೂರು ರೂಪದಲ್ಲಿರುತ್ತದೆ. ಗಾಳಿ ನೀರು ತಾಗಿ ಉಪ್ಪಿನಂತಾದ ಸಲ್ಫೇಟ್ ಒಂದು. ಅದು ಅತಿ ಸ್ವಲ್ಪ, ಲೆಕ್ಕಕ್ಕಿಲ್ಲ. ಕಬ್ಬಿಣದೊಡನೆ ಕೂಡಿಕೊಂಡು ಹಿತ್ತಾಳೆಯಂತೆ ಹೊಳೆಯುವ ಪೈರೈಟ್ ಎನ್ನುವ ಖನಿಜ ಎರಡನೆಯದು. ಮೂರನೆಯದು ಕಲ್ಲಿದ್ದಲಿನ ಮೈಯಲ್ಲೇ ಸೇರಿಹೋದ ಗಂಧಕ. ಪೈರೈಟ್ ಕಾಳಿನಲ್ಲಿ ಕಲ್ಲು ಇದ್ದ ಹಾಗೆ, ಆರಿಸಬಹುದು. ಮೂರನೆಯದು ಹಿಟ್ಟಿಗೆ ಕಲಸಿದ ಉಪ್ಪಿನ ಹಾಗೆ. ಏನು ಮಾಡಿದರೂ ಬೇರೆ ಬಾರದು. ವಾಷರಿಯಲ್ಲಿ ನೀರಿಗೆ ಕಬ್ಬಿಣದ ಅದಿರಿನ ಹುಡಿ ಬೆರೆಸಿ ಭಾರ ಮಾಡಿರುತ್ತಾರೆ. ಅದರಲ್ಲಿ ಹಗುರಾದ ಕಲ್ಲಿದ್ದಲು ತೇಲುತ್ತದೆ, ಭಾರವಾದ ಪೈರೈಟ್ ಮುಳುಗುತ್ತದೆ. ತೊಳೆದರೆ ಹೋಗುವ ಗಂಧಕ ಅದೊಂದೇ. ಸಾರಜನಕದ ಪಾಡು ಇನ್ನೂ ಕಷ್ಟ. ಅದು ಪೂರ್ತಿಯಾಗಿ ಕಲ್ಲಿದ್ದಲಿನ ಮೈಯೊಳಗೆ, ಇಂಗಾಲದ ಪರಮಾಣುಗಳು ಕಟ್ಟಿಕೊಂಡ ಉಂಗುರಗಳಲ್ಲಿ ತಾನೂ ಒಂದು ಕೊಂಡಿಯಾಗಿ ಕೂತಿರುತ್ತದೆ. ಅದನ್ನು ಬಿಡಿಸಿ ಅಳೆಯಲು ಅವಳು ಪ್ರಬಲ ಆಮ್ಲದಲ್ಲಿ ಇಡೀ ಮಧ್ಯಾಹ್ನ ಕುದಿಸುತ್ತಿದ್ದಳು.

ಮ್ಯಾನೇಜರಿಗೆ ಇದು ತಲೆಗೆ ಹತ್ತುತ್ತಿರಲಿಲ್ಲ.

“ಗಂಧಕ ಅಷ್ಟೋ ಇಷ್ಟೋ ಹೋಗತ್ತೆ ಅಂತೀರಿ. ಸಾರಜನಕ ಒಂಚೂರೂ ಹೋಗಲ್ಲ ಅಂದ್ರೆ ಹೇಗಮ್ಮ?”

“ಸರ್, ಅದು ಮೈಯೊಳಗೇ ಇದೆ. ಕೊಳೆ ಅಲ್ಲ ಅದು.”

“ಬಿಸಿ ನೀರಲ್ಲಿ ತೊಳೆದ್ರೆ?”

“ಹೋಗಲ್ಲ ಸರ್.”

“ಸೋಪು?”

ಕನ್ನಡಕ ಮೇಜಿನ ಮೇಲೆ ಕೂತಿತು. “ಸರ್, ನೀವು ದಿನಾ ಸ್ನಾನ ಮಾಡ್ತೀರಲ್ಲ, ನಿಮ್ಮ ಮೂಳೆ ಏನಾದ್ರೂ ತೊಳ್ಕೊಂಡು ಹೋಗಿದ್ಯಾ?”

“ಸುಮ್ನೆ ಕೇಳ್ದೆ ಕಣಮ್ಮ, ಅದಕ್ಯಾಕೆ ಮೂಳೆ ತನಕ ಹೋಗ್ತೀರಿ,” ಎಂದು ಮ್ಯಾನೇಜರು ಎದ್ದು ಹೋದರು. ಮುಂದಿನ ತಿಂಗಳು ಮತ್ತೆ ಬಂದು ಅದನ್ನೇ ಕೇಳಿದರು.

ಹೀಗಿರುವಾಗ ಮುಖ್ಯ ಕಚೇರಿಯಿಂದ ಒಂದು ಪತ್ರ ಬಂತು. ವಾಷರಿಯ ಯಂತ್ರಗಳು ಹಳೆಯವಾಗಿವೆ, ತೊಳೆಯುವುದರಿಂದ ಗಂಧಕ ನಿಜವಾಗಿ ಕಡಿಮೆಯಾಗುತ್ತಿದೆಯೇ, ಯಾವ ರೂಪದ ಗಂಧಕ ಎಷ್ಟಿದೆ, ಎಂದು ಪ್ರಯೋಗಾಲಯ ವರದಿ ಕೊಡಬೇಕು. ಪ್ರಯೋಜನ ಕಾಣದಿದ್ದರೆ ಮುಂದಿನ ಮೂರು ತಿಂಗಳೊಳಗೆ ವಾಷರಿಯನ್ನು ಮುಚ್ಚುವುದು. ವರದಿಯ ಮೇಲೆ ಸಭೆ ಇಪ್ಪತ್ತು ದಿನಕ್ಕೆ.

ವಾಷರಿಯಲ್ಲಿ ನಲವತ್ತು ಜನ. ಅವರಲ್ಲಿ ಒಂದು ಪಾಳಿಯ ಮೇಸ್ತ್ರಿ ಅವಳ ಒಡಹುಟ್ಟಿದ ಅಣ್ಣ. ಅವನಿಗೆ ಐವತ್ತೆರಡು ವರ್ಷ. ಗೊತ್ತಿದ್ದುದು ಆ ಕೆಲಸ ಒಂದೇ. ಅಣ್ಣ ಅತ್ತಿಗೆ ಕೆಳಮನೆಯಲ್ಲಿ, ಮದುವೆಯಾಗದ ಇವಳು ಮೇಲಿನ ಕೋಣೆಯಲ್ಲಿ, ಅಡುಗೆ ಮಾತ್ರ ಒಂದೇ ಒಲೆಯ ಮೇಲೆ. ಹಾಗಾಗಿ ಮುಖ್ಯ ಕಚೇರಿಯ ಪತ್ರ ದಿನಕ್ಕೆ ಎರಡು ಸಲ ಊಟದ ಮೇಜಿಗೂ ಬಂತು.

ಅವಳ ಬಳಿ ಆರು ವರ್ಷದ ಅಂಕಿಗಳಿದ್ದವು. ತೊಳೆಯುವ ಮೊದಲು ಒಟ್ಟು ಗಂಧಕ ನೂರಕ್ಕೆ ಎರಡು ಬಿಂದು ಒಂದು. ತೊಳೆದ ಮೇಲೆ ಎರಡು. ಅದರಲ್ಲಿ ಪೈರೈಟಿನದು ಸೊನ್ನೆ ಬಿಂದು ನಾಲ್ಕರಷ್ಟು, ಮೈಯೊಳಗಿನದು ಒಂದು ಬಿಂದು ಆರು. ತೊಳೆದರೂ ಒಂದೇ, ಬಿಟ್ಟರೂ ಒಂದೇ ಎಂದು ಅಂಕಿಗಳು ಹೇಳುತ್ತಿದ್ದವು. ಅವಳು ಹಾಗೆಯೇ ಕರಡು ವರದಿ ಬರೆದು ಮ್ಯಾನೇಜರಿಗೆ ಕೊಟ್ಟಳು. ಸಂಜೆಯೊಳಗೆ ವಿಷಯ ವಾಷರಿಯ ತುಂಬ ಹರಡಿತ್ತು.

“ಒಂದು ಅಂಕಿ ಕಣೇ,” ಎಂದ ಅಣ್ಣ, ತಟ್ಟೆಯಿಂದ ಕೈ ತೆಗೆದು. “ಒಂದೇ ಒಂದು ಅಂಕಿ. ಎರಡು ಅನ್ನೋ ಕಡೆ ಒಂದೂವರೆ ಅಂತ ಬರೆದಿದ್ರೆ ನಿನ್ನ ಕೈ ಬಿದ್ದು ಹೋಗ್ತಿತ್ತಾ?”

“ಅಂಕಿ ನಾನು ಬರೆಯೋದಲ್ಲ ಅಣ್ಣ. ಬಂದಿದ್ದನ್ನ ಬರೀತೀನಿ.”

“ಎಲ್ಲಿಂದ ಬರತ್ತೆ? ಆಕಾಶದಿಂದಾ?”

“ಬೇರಿಯಂ ಸಲ್ಫೇಟಿಂದ. ಗಂಧಕಾನ ಆ ಬಿಳಿ ಹುಡಿ ಮಾಡಿ ತೂಗ್ತೀನಿ.”

“ನೋಡು, ನೋಡೇ ನಿನ್ನ ನಾದಿನೀನ,” ಎಂದು ಅವನು ಹೆಂಡತಿಯ ಕಡೆ ತಿರುಗಿದ. “ಒಡಹುಟ್ಟಿದ ಅಣ್ಣ ಬೀದಿಗೆ ಬೀಳ್ತಿದ್ದಾನೆ, ಇವಳು ಬೇರಿಯಂ ಅಂತಾಳೆ!”

“ನನ್ನನ್ನ ಯಾಕೆ ಎಳೀತೀರಿ? ಇಬ್ಬರೂ ಒಂದೇ ಹೊಟ್ಟೇಲಿ ಹುಟ್ಟಿದೋರು, ಒಂದೇ ಥರ ಮೊಂಡು. ಊಟ ತಣ್ಣಗಾಗ್ತಿದೆ,” ಎಂದಳು ಅತ್ತಿಗೆ.

ಅಣ್ಣ ಸುಮ್ಮನಾಗುವ ಪೈಕಿಯಲ್ಲ. “ಆಯ್ತಮ್ಮ, ನಾವು ತೊಳೆಯೋದು ಸುಳ್ಳು ಅಂತಾನೇ ಇಟ್ಕೋ. ಹಾಗಾದ್ರೆ ನಮ್ಮ ಪಂಪು ಕೆಟ್ಟು ವಾರ ಪೂರ್ತಿ ವಾಷರಿ ನಿಂತಿತ್ತಲ್ಲ, ಕಲ್ಲಿದ್ದಲು ತೊಳೀದೇನೇ ಹೋಯ್ತಲ್ಲ, ಆಗ ಆ ಹೊಗೆಕೊಳವೆ ಸಾಹೇಬ್ರು ನಿನಗೆ ಕೆಂಡ ಕಾರಿ ಕಾಗದ ಬರೆದ್ರಲ್ಲ, ಅದ್ಯಾಕೆ?”

ಹೊಗೆಕೊಳವೆ ಸಾಹೇಬರೆಂದರೆ ವಿದ್ಯುತ್ ಸ್ಥಾವರದ ರಸಾಯನ ತಜ್ಞರು. ಕೊಳವೆಯಿಂದ ಹೋಗುವ ಹೊಗೆಯಲ್ಲಿ ಗಂಧಕ ಎಷ್ಟಿದೆ ಎಂದು ಅಳೆಯುವುದು ಅವರ ಕೆಲಸ. ಆರು ವರ್ಷದಿಂದ ಅವರದು ಒಂದೇ ದೂರು: ‘ನಿಮ್ಮ ಕಾಗದದಲ್ಲಿರುವುದಕ್ಕಿಂತ ನಮ್ಮ ಹೊಗೆಯಲ್ಲಿ ಗಂಧಕ ಹೆಚ್ಚು.’ ಇವಳದು ಒಂದೇ ಉತ್ತರ: ‘ನಿಮ್ಮ ಉಪಕರಣವನ್ನು ದಯವಿಟ್ಟು ಪರೀಕ್ಷಿಸಿಕೊಳ್ಳಿ.’ ಇಬ್ಬರೂ ಒಬ್ಬರನ್ನೊಬ್ಬರು ನೋಡಿದವರಲ್ಲ. ಆದರೆ ಅಷ್ಟು ನಿಷ್ಠೆಯಿಂದ ಜಗಳವಾಡಿದವರನ್ನು ನಾನಂತೂ ಕಂಡಿಲ್ಲ.

“ಅವರ ಉಪಕರಣ ಕೆಟ್ಟಿದೆ,” ಎಂದಳು, ಅಭ್ಯಾಸಬಲದಿಂದ.

“ನಮ್ಮ ಪಂಪು ಕೆಟ್ಟ ವಾರಾನೇ ಅವರ ಉಪಕರಣಾನೂ ಕೆಡತ್ತಾ? ಬಹಳ ಒಗ್ಗಟ್ಟು ಬಿಡು!”

ಆ ಮಾತು ಅವಳ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ಮರುದಿನ ಬೆಳಿಗ್ಗೆ ಪ್ರಯೋಗಾಲಯದ ಕಪಾಟಿನಿಂದ ಸಾಹೇಬರ ಪತ್ರಗಳ ಕಡತ ತೆಗೆದಳು. ಮೂವತ್ತೊಂದು ಪತ್ರ. ಇಪ್ಪತ್ತೇಳರಲ್ಲಿ ಗೊಣಗಾಟ, ನಾಲ್ಕರಲ್ಲಿ ನಿಜವಾದ ಬೆಂಕಿ. ಆ ನಾಲ್ಕರ ತಾರೀಖನ್ನು ಚೀಟಿಯಲ್ಲಿ ಬರೆದುಕೊಂಡು ಮಧ್ಯಾಹ್ನ ಮನೆಗೆ ಹೋದಳು.

“ಅತ್ತಿಗೆ, ವಾಷರಿ ನಿಂತ ದಿನ ಯಾವಾವುದು ಅಂತ ನಿಮಗೇನಾದ್ರೂ ನೆನಪಿದ್ಯಾ?”

“ನೆನಪ್ಯಾಕೆ ಬೇಕು?” ಎಂದು ಅತ್ತಿಗೆ ಅಡುಗೆಮನೆಯ ಬಾಗಿಲ ಹಿಂದೆ ಮೊಳೆಗೆ ಸಿಕ್ಕಿಸಿದ್ದ ಹಳೆಯ ಕ್ಯಾಲೆಂಡರುಗಳ ಕಂತೆ ಇಳಿಸಿದಳು. “ನಿಮ್ಮಣ್ಣ ಹಗಲು ಹೊತ್ತು ಮನೇಲಿದ್ದ ಒಂದೊಂದು ದಿನಕ್ಕೂ ಕೆಂಪು ಗೀಟು ಹಾಕಿದೀನಿ. ಮನೇಲಿ ಕೂತ್ರೆ ಸಾಕು, ಪಾತ್ರೆ ಹೀಗಲ್ಲ ತೊಳೆಯೋದು, ಹಾಗೆ ತೊಳೀಬೇಕು ಅಂತ ಶುರು ಮಾಡ್ತಾರೆ. ಕಾರ್ಖಾನೇಲಿ ತೊಳೆದಿದ್ದು ಸಾಲದು ಅಂತ.”

ಕೆಂಪು ಗೀಟುಗಳು ಸಾಲಾಗಿ ಬಂದ ವಾರಗಳು ಆರು ವರ್ಷದಲ್ಲಿ ನಾಲ್ಕು. ನಾಲ್ಕೂ ಬೆಂಕಿಯ ಪತ್ರಗಳ ವಾರಗಳೇ.

ಅವಳು ಕೂತಲ್ಲೇ ಕನ್ನಡಕ ತೆಗೆದಳು. ಈ ಸಲ ಎದುರಿಗೆ ಬೈಯಲು ಯಾರೂ ಇರಲಿಲ್ಲ. ತೊಳೆಯದ ಕಲ್ಲಿದ್ದಲು ಸುಟ್ಟಾಗ ಹೊಗೆಯಲ್ಲಿ ಗಂಧಕ ಏರಿದೆ. ಅಂದರೆ ತೊಳೆಯುವುದರಿಂದ ಏನೋ ಹೋಗುತ್ತಿದೆ. ಹೋಗುತ್ತಿದ್ದರೆ ತೊಳೆಯುವ ಮೊದಲಿನ ಮಾದರಿಯಲ್ಲಿ ಅದು ಇರಬೇಕು. ಆದರೆ ಅವಳಿಗೆ ಬಂದ ಮಾದರಿಯಲ್ಲಿ ಇಲ್ಲ. ಹಾಗಾದರೆ ಎಲ್ಲಿ ಹೋಯಿತು?

ಇಲ್ಲಿ ಅವಳ ಒಂದು ಕಟ್ಟುಪಾಡನ್ನು ಹೇಳಬೇಕು. ಅಣ್ಣ ವಾಷರಿಯಲ್ಲಿ, ತಂಗಿ ಪ್ರಯೋಗಾಲಯದಲ್ಲಿ ಎಂದು ಯಾರೂ ಬೆರಳು ತೋರಿಸಬಾರದೆಂದು ಅವಳು ಮಾದರಿ ಕೋಣೆಗೆ ಕಾಲಿಡುತ್ತಿರಲಿಲ್ಲ. ಕಲ್ಲಿದ್ದಲು ಅದನ್ನು ಸಾಗಿಸುವ ಬೆಲ್ಟಿನಿಂದ ಮಾದರಿ ಕೋಣೆಗೆ ಹೋಗಿ, ಅಲ್ಲಿ ಹಿಟ್ಟಾಗಿ, ಬರೇ ಸಂಖ್ಯೆ ಬರೆದ ಮುಚ್ಚಿದ ಡಬ್ಬಿಯಲ್ಲಿ ಇವಳ ಮೇಜಿಗೆ ಬರಬೇಕು. ಯಾವುದು ತೊಳೆದದ್ದು, ಯಾವುದು ತೊಳೆಯದ್ದು ಎಂದು ಪರೀಕ್ಷೆ ಮುಗಿಯುವವರೆಗೆ ಇವಳಿಗೆ ತಿಳಿಯಬಾರದು. ಒಳ್ಳೆಯ ನಿಯಮ. ಆರು ವರ್ಷದ ಹಿಂದೆ ಅದನ್ನು ಮಾಡಿದವಳೂ ಅವಳೇ. ಅದರ ಫಲವಾಗಿ ಗೋಡೆಯಾಚೆಯ ಕೋಣೆಯಲ್ಲಿ ಏನು ನಡೆಯುತ್ತದೆಂದು ಆರು ವರ್ಷ ಅವಳು ಕಣ್ಣಾರೆ ನೋಡಿರಲಿಲ್ಲ.

ಆ ಮಧ್ಯಾಹ್ನ ತನ್ನ ನಿಯಮವನ್ನು ತಾನೇ ಮುರಿದು ಬಾಗಿಲು ತಳ್ಳಿದಳು. ಒಳಗೆ ಜರಡಿ ಮಾಮ ಇದ್ದರು. ಮಾದರಿ ತೆಗೆಯುವ ಅವರಿಗೆ ಎಲ್ಲರೂ ಇಟ್ಟ ಹೆಸರು ಅದು. ಅಷ್ಟು ಶುಚಿಯಾದ ಮನುಷ್ಯ ಆ ಕಪ್ಪು ಧೂಳಿನ ಊರಿನಲ್ಲಿ ಇನ್ನೊಬ್ಬರಿರಲಿಲ್ಲ. ನೆಲದ ಮೇಲೆ ತಗಡು ಹಾಸಿ, ಅದರ ಮೇಲೆ ಕಲ್ಲಿದ್ದಲು ಹರಡಿ, ಪುಟ್ಟ ಮಣೆಯ ಮೇಲೆ ಕೂತು, ಬೆಳಕಿಗೆ ಹಿಡಿದು ಹಿಡಿದು ಏನನ್ನೋ ಆರಿಸಿ ಪಕ್ಕದ ಡಬ್ಬಕ್ಕೆ ಹಾಕುತ್ತಿದ್ದರು. ಡಬ್ಬದಲ್ಲಿ ಟಣ್ ಎಂದು ಸದ್ದಾಗುತ್ತಿತ್ತು.

“ಏನದು ಮಾಮ?”

“ಬಾರಮ್ಮ, ಅಪರೂಪಕ್ಕೆ! ಏನಿಲ್ಲ, ಕಲ್ಲು ಆರಿಸ್ತಿದೀನಿ.”

ಅವಳು ಡಬ್ಬಕ್ಕೆ ಕೈ ಹಾಕಿ ಒಂದನ್ನು ಎತ್ತಿಕೊಂಡಳು. ನೆಲ್ಲಿಕಾಯಿ ಗಾತ್ರದ್ದು, ಭಾರವಾದದ್ದು, ಹಿತ್ತಾಳೆಯಂತೆ ಹೊಳೆಯುವಂಥದ್ದು. ಅಪ್ಪಟ ಪೈರೈಟ್.

“ಇದನ್ನ... ಆರಿಸಿ ತೆಗೀತೀರಾ?”

“ಮತ್ತೆ? ಆರು ವರ್ಷದ ಹಿಂದೆ ನಾನು ಈ ಕೋಣೆಗೆ ಬಂದ ಮೊದಲ ವಾರಾನೇ ಮೆಕ್ಯಾನಿಕ್ ಮಹಾರಾಯ ಜನ್ಮ ಜಾಲಾಡಿಬಿಟ್ಟ. ಈ ಹೊಳೆಯೋ ಕಲ್ಲು ಹೋಗಿ ಅರೆಯೋ ಯಂತ್ರದ ಹಲ್ಲು ಮುರೀತಿದೆ ಅಂತ. ಅವತ್ತಿಂದ ಒಂದೇ ಒಂದು ಬಿಟ್ಟಿಲ್ಲ ನಾನು. ಯಂತ್ರ ಹೇಗಿದೆ ನೋಡು, ಮದುವಣಗಿತ್ತಿ ಇದ್ದ ಹಾಗೆ.”

“ಮಾಮ, ನಾನು ಪರೀಕ್ಷೆ ಮಾಡಬೇಕಾಗಿದ್ದೇ ಇದನ್ನ!”

“ಏನಮ್ಮ ಹಾಗಂತೀಯ? ನಿನ್ನ ಬಾಗಿಲ ಮೇಲೆ ಕಲ್ಲಿದ್ದಲು ಪರೀಕ್ಷೆ ಅಂತ ಬೋರ್ಡಿದೆ. ಇದು ಕಲ್ಲಿದ್ದಲಲ್ಲ, ಕಲ್ಲು. ನಿನಗೆ ಕಸ ಕಳಿಸೋದು ಸರಿಯಾ?” ಅವರ ಮುಖದಲ್ಲಿ ನಿಜವಾದ ನೋವಿತ್ತು.

ಅವಳು ಡಬ್ಬವನ್ನೇ ದಿಟ್ಟಿಸಿದಳು. ಆಮೇಲೆ, ಉತ್ತರಕ್ಕೆ ಹೆದರುತ್ತಲೇ, ಕೇಳಿದಳು: “ತೊಳೆದಿದ್ದರಲ್ಲೂ ಇಷ್ಟೇ ಸಿಗತ್ತಾ?”

“ಎಲ್ಲಿಯ ಮಾತು! ತೊಳೆಯೋಕೆ ಮುಂಚಿನ ರಾಶೀಲಿ ಅರ್ಧ ಡಬ್ಬ. ತೊಳೆದು ಬಂದಿದ್ದರಲ್ಲಿ ಹೆಚ್ಚು ಅಂದ್ರೆ ಒಂದು ಹಿಡಿ. ನಿಮ್ಮಣ್ಣನ ಕೈ ಚೊಕ್ಕಟ ಕಣಮ್ಮ, ಸುಮ್ನೆ ಹೇಳ್ತಿಲ್ಲ.”

ಮುಖ್ಯ ಕಚೇರಿ ಕೇಳಿದ ಪ್ರಶ್ನೆಗೆ ಉತ್ತರ ಅಷ್ಟೇ. ಆಮ್ಲವಿಲ್ಲ, ಕುಲುಮೆಯಿಲ್ಲ, ಸೂಕ್ಷ್ಮ ತಕ್ಕಡಿಯಿಲ್ಲ. ಅರ್ಧ ಡಬ್ಬ ಮತ್ತು ಒಂದು ಹಿಡಿ. ಆರು ವರ್ಷದಿಂದ ಈ ಮನುಷ್ಯನಿಗೆ ಅದು ಗೊತ್ತಿತ್ತು.

“ಇದನ್ನ ಯಾಕೆ ಮಾಮ ಯಾರಿಗೂ ಹೇಳ್ಲಿಲ್ಲ?”

“ಯಾರೂ ಕೇಳ್ಲಿಲ್ವಲ್ಲಮ್ಮ.”

ಆರಿಸಿದ ಕಲ್ಲುಗಳನ್ನು ಏನು ಮಾಡುತ್ತೀರಿ ಎಂದು ಕೇಳಿದ್ದಕ್ಕೆ ಅವರು ಸಂಭ್ರಮದಿಂದ ಹಿತ್ತಲಿಗೆ ಕರೆದೊಯ್ದರು. ಮಾದರಿ ಕೋಣೆಯ ಹಿಂದೆ ಹೂವಿನ ಪಾತಿಯೊಂದನ್ನು ಮಾಡಿ, ಅದರ ಸುತ್ತ ಆರು ವರ್ಷದ ಪೈರೈಟನ್ನು ಅಂಚಾಗಿ ಜೋಡಿಸಿದ್ದರು. ಹೊಸ ಕಲ್ಲುಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಹಳೆಯವು ತುಕ್ಕು ಹಿಡಿದು, ಬಿಳಿ ಹುಡಿ ಕಟ್ಟಿ, ಉದುರುತ್ತಿದ್ದವು. ಪಾತಿಯೊಳಗೆ ಒಂದು ಹಸಿರೆಲೆಯೂ ಇರಲಿಲ್ಲ.

“ಅದೇನು ಕರ್ಮವೋ, ಯಾವ ಗಿಡ ಹಾಕಿದ್ರೂ ಹದಿನೈದು ದಿನಕ್ಕೆ ಸಾಯತ್ತೆ,” ಎಂದರು ಜರಡಿ ಮಾಮ.

ಮಳೆ ಗಾಳಿಗೆ ಪೈರೈಟ್ ಕರಗಿ ಗಂಧಕಾಮ್ಲವಾಗಿ ಮಣ್ಣಿಗಿಳಿಯುತ್ತದೆಂದು ವಿವರಿಸಲು ಅವಳು ಬಾಯಿ ತೆರೆದು, ಶಕ್ತಿ ಸಾಲದೆ ಮುಚ್ಚಿದಳು.

ಮ್ಯಾನೇಜರು ಎಲ್ಲವನ್ನೂ ಕೇಳಿ, ಕುರ್ಚಿಗೆ ಒರಗಿ, ಚಾವಣಿ ನೋಡಿದರು. “ಸಭೆಗೆ ಇನ್ನು ಹನ್ನೆರಡು ದಿನ ಇದೆ. ಆರು ವರ್ಷ ತೊಳೆಯೋದ್ರಿಂದ ಏನೂ ಪ್ರಯೋಜನ ಇಲ್ಲ ಅಂತ ಬರೆದೋರು ನೀವು. ಈಗ ಇದೆ ಅಂತೀರಿ. ಮಧ್ಯದಲ್ಲಿ ಏನಾಯ್ತು? ನಿಮ್ಮಣ್ಣ ಕೆಲಸ ಕಳ್ಕೊಳ್ಳೋ ಹಾಗಾಯ್ತು. ನಾನಲ್ಲಮ್ಮ ಹೇಳ್ತಿರೋದು, ಹೆಡ್ಡಾಫೀಸಿನವರು ಹೇಳ್ತಾರೆ.”

ಅವಳನ್ನು ನಿಜವಾಗಿ ಕಂಗೆಡಿಸಿದ್ದು ಅದೇ. ಸುಳ್ಳು ಅಂಕಿ ಕೊಟ್ಟಾಗ ಎಲ್ಲರೂ ನಂಬಿದ್ದರು. ಅಣ್ಣನಿಗೆ ವಿರುದ್ಧವಾಗಿದ್ದರಿಂದಲೇ ಇನ್ನಷ್ಟು ನಂಬಿದ್ದರು. ನಿಜವಾದ ಅಂಕಿ ಅಣ್ಣನಿಗೆ ಬೇಕಾದದ್ದೇ ಆಗಿಬಿಟ್ಟಿತ್ತು. ಅದನ್ನು ಅವಳ ಕೈಬರಹದಲ್ಲಿ ನಂಬುವವರು ಯಾರೂ ಇರಲಿಲ್ಲ.

“ಹಾಗಾದ್ರೆ ಹೊಸ ಪರೀಕ್ಷೆ ನಾನು ಮಾಡಲ್ಲ. ನನ್ನ ಮಾತನ್ನ ಆರು ವರ್ಷದಿಂದ ಒಪ್ಪದೇ ಇರೋರು ಒಬ್ಬರಿದ್ದಾರೆ. ಅವರೇ ಮಾದರಿ ತೆಗೀಲಿ, ಅವರೇ ಅಳೀಲಿ,” ಎಂದಳು.

“ಯಾರು? ಅಯ್ಯೋ, ಹೊಗೆಕೊಳವೆ ಸಾಹೇಬ್ರಾ? ನಿಮ್ಮನ್ನ ಹುರಿದು ಮುಕ್ಕಿಬಿಡ್ತಾರೆ!”

“ಗೊತ್ತು ಸರ್. ನಂಬರ್ ಕೊಡಿ.”

ಫೋನಿನ ಆ ಕಡೆಯ ದನಿ ಅವಳು ಎಣಿಸಿದ್ದಕ್ಕಿಂತ ಮೆತ್ತಗಿತ್ತು. ಅದರಿಂದ ಅವಳ ಸಂಕಟ ಹೆಚ್ಚೇ ಆಯಿತು. ಆರಿಸಿದ ಕಲ್ಲಿನ ಕತೆಯನ್ನೆಲ್ಲ ಹೇಳಿ ಮುಗಿಸಿದಳು.

“ಅಂದ್ರೆ, ನನ್ನ ಉಪಕರಣ ಕೆಟ್ಟಿರಲಿಲ್ಲ,” ಎಂದರು ಸಾಹೇಬರು.

“ಇಲ್ಲ.”

“ಆರು ವರ್ಷದಿಂದ.”

“ಇಲ್ಲ ಸರ್, ಕೆಟ್ಟಿರಲಿಲ್ಲ.”

“ನಿಮ್ಮ ಮಾತು ನಂಬಿ ಅದನ್ನ ಎರಡು ಸಲ ಪೂರ್ತಿ ಬಿಚ್ಚಿಸಿದೀನಿ ಮೇಡಂ. ಒಂದು ಸಲ ಬಿಚ್ಚಿದೋರಿಗೆ ವಾಪಸ್ ಜೋಡಿಸೋಕೆ ಬರಲಿಲ್ಲ.”

“ತಪ್ಪಾಯ್ತು ಸರ್.”

“ಇದನ್ನ ಬರೆದು ಕೊಡ್ತೀರಾ? ಕೆಟ್ಟಿರಲಿಲ್ಲ ಅನ್ನೋದನ್ನ?”

ಬರೆದು ಕೊಟ್ಟಳು. ಇಪ್ಪತ್ತಾರು ವರ್ಷದಲ್ಲಿ ಬರೆದ ಅತ್ಯಂತ ಚಿಕ್ಕ ವರದಿ ಅದು. ಎರಡು ಸಾಲು ಬರೆಯಲು ಮೂರು ಹಾಳೆ ಹರಿದಳು.

ಸಾಹೇಬರು ಮೂರನೆಯ ದಿನ ತಮ್ಮದೇ ಸಲಿಕೆ, ತಮ್ಮದೇ ಜರಡಿ, ತಮ್ಮದೇ ಡಬ್ಬಿಗಳೊಡನೆ ಬಂದಿಳಿದರು. ಸಣ್ಣಗೆ, ಎತ್ತರಕ್ಕೆ, ಅವಳು ಮನಸ್ಸಿನಲ್ಲೇ ಬೈಯುತ್ತಿದ್ದ ಹೊಗೆಕೊಳವೆಯಂತೆಯೇ ಇದ್ದರು. ಬೆಲ್ಟಿನ ಪಕ್ಕದಲ್ಲಿ ಮೂರು ಹಗಲು ನಿಂತು, ಕಾಲು ಗಂಟೆಗೊಂದು ಸಲಿಕೆ ಕಲ್ಲಿದ್ದಲು ತಾವೇ ಎತ್ತಿದರು. ರಾಶಿಯನ್ನು ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಬಿಟ್ಟು, ಉಳಿದದ್ದನ್ನು ಮತ್ತೆ ಕಲಸಿ, ಮತ್ತೆ ಪಾಲು ಮಾಡಿದರು. ಅಣ್ಣ ಮೇಲಿನ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದ. ಹತ್ತಿರ ಬರಬೇಡವೆಂದು ತಂಗಿ ಆಜ್ಞೆ ಮಾಡಿದ್ದಳು.

“ಅವರಿಗೆ ಒಂದು ಲೋಟ ಚಹಾನಾದ್ರೂ ಕೊಡಬಹುದಾ?” ಎಂದು ಅಲ್ಲಿಂದಲೇ ಕೂಗಿದ.

“ಬೇಡ!”

“ನೀರು?”

“ನೀರೂ ಬೇಡ! ನೀನು ಕೊಟ್ಟಿದ್ದು ಏನೂ ಬೇಡ!”

“ಬರೇ ನೀರು ಕುಡಿದ್ರೆ ಅವರ ಲೆಕ್ಕ ಕೆಡತ್ತಾ?” ಎಂದು ಗೊಣಗುತ್ತ ಹೋದ.

ಎಲ್ಲರಿಗಿಂತ ಪಾಡುಪಟ್ಟವರು ಜರಡಿ ಮಾಮ. ಹೊಳೆಯುವ ಕಲ್ಲುಗಳು ಕಣ್ಣೆದುರಿಗೇ ಯಂತ್ರದೊಳಗೆ ಹೋಗುವುದನ್ನು ನೋಡಲಾಗದೆ ಗೋಡೆಯ ಕಡೆ ಮುಖ ತಿರುಗಿಸಿ ನಿಂತಿದ್ದರು. ಯಂತ್ರ ಒಂದೊಂದು ಸಲ ಕಿರುಚಿದಾಗಲೂ ತಮ್ಮ ಹಲ್ಲೇ ಮುರಿದಂತೆ ಮುಖ ಕಿವುಚುತ್ತಿದ್ದರು.

ಪರೀಕ್ಷೆ ಸ್ಥಾವರದ ಪ್ರಯೋಗಾಲಯದಲ್ಲೇ ನಡೆಯಿತು. ಅವಳನ್ನೂ ಬರಹೇಳಿದರು, ಆದರೆ ಯಾವುದನ್ನೂ ಮುಟ್ಟಬಾರದೆಂದು ಅವಳೇ ಕೈ ಕಟ್ಟಿಕೊಂಡು ಕೂತಳು. ಮೊದಲು ಒಂದು ಆಮ್ಲದಲ್ಲಿ ಕುದಿಸಿ ಸಲ್ಫೇಟನ್ನು ಬಿಡಿಸಿಕೊಂಡರು. ಉಳಿದ ಕಲ್ಲಿದ್ದಲನ್ನು ಇನ್ನೊಂದು ಆಮ್ಲದಲ್ಲಿ ಕುದಿಸಿ, ಕರಗಿದ ಕಬ್ಬಿಣವನ್ನು ಅಳೆದು, ಅದರಿಂದ ಪೈರೈಟಿನ ಗಂಧಕವನ್ನು ತಿಳಿದರು. ಒಟ್ಟು ಗಂಧಕವನ್ನು ಬೇರೆಯಾಗಿ ಕಂಡುಹಿಡಿದು, ಅದರಲ್ಲಿ ಈ ಎರಡನ್ನೂ ಕಳೆದರು, ಮಿಕ್ಕದ್ದು ಮೈಯೊಳಗಿನದು. ಸಾಹೇಬರ ಕೈ ನಿಧಾನ. ಒಂದು ಸೋಸುಕಾಗದ ಮಡಿಸಲು ಅವರು ತೆಗೆದುಕೊಳ್ಳುವ ಹೊತ್ತಿನಲ್ಲಿ ಅವಳು ನಾಲ್ಕು ಮಡಿಸುತ್ತಿದ್ದಳು. ಎರಡು ದಿನ ಹಲ್ಲು ಕಚ್ಚಿಕೊಂಡು ಕೂತಿದ್ದಳಂತೆ. “ಮೇಷ್ಟ್ರೇ, ನೀವು ಗುಣಾಕಾರ ತಪ್ಪು ಮಾಡ್ದಾಗಲೂ ನನಗೆ ಇಷ್ಟು ಹಿಂಸೆ ಆಗಿರಲಿಲ್ಲ,” ಎಂದು ಆಮೇಲೆ ನನಗೆ ಹೇಳಿದಳು.

ಅಂಕಿಗಳು ಬಂದವು. ತೊಳೆಯುವ ಮೊದಲು ಒಟ್ಟು ಮೂರು ಬಿಂದು ಎರಡು. ತೊಳೆದ ಮೇಲೆ ಎರಡು ಬಿಂದು ಮೂರು. ಮೈಯೊಳಗಿನ ಗಂಧಕ ಅವಳ ಹಳೆಯ ಅಂಕಿಯಂತೆಯೇ ಒಂದು ಬಿಂದು ಆರರಲ್ಲಿ ನಿಂತಿತ್ತು. ವ್ಯತ್ಯಾಸವೆಲ್ಲ ಪೈರೈಟಿನದು. ನಾಲ್ಕರಲ್ಲಿ ಒಂದು ಪಾಲಿಗಿಂತ ಹೆಚ್ಚು ಗಂಧಕವನ್ನು ಆ ಹಳೆಯ ವಾಷರಿ ಹೊರಗೆ ಹಾಕುತ್ತಿತ್ತು.

“ಮೈಯೊಳಗಿನದನ್ನ ನೀವು ಸರಿಯಾಗೇ ಅಳೆದಿದೀರಿ,” ಎಂದರು ಸಾಹೇಬರು, ಸಮಾಧಾನ ಹೇಳುವಂತೆ.

“ಅದು ಯಾರಿಗೂ ಬೇಡದ ಅಂಕಿ ಸರ್,” ಎಂದಳು ಅವಳು.

ವರದಿಯನ್ನು ಸಾಹೇಬರು ತಮ್ಮ ಹೆಸರಿನಲ್ಲಿ ಕಳಿಸಿದರು. ಅದರ ಜೊತೆಗೆ ಇವಳೂ ಒಂದು ಪುಟ ಇಟ್ಟಳು. ಮಾದರಿ ಕೋಣೆಯ ಮೇಲ್ವಿಚಾರಣೆ ನನ್ನದು, ಆರು ವರ್ಷ ಅದನ್ನು ನಾನು ಮಾಡಲಿಲ್ಲ, ಹಳೆಯ ಅಂಕಿಗಳೆಲ್ಲ ನನ್ನ ತಪ್ಪಿನಿಂದ ಕೆಟ್ಟಿವೆ ಎಂದು. ಜರಡಿ ಮಾಮನ ಸುದ್ದಿಯೇ ಅದರಲ್ಲಿ ಇರಲಿಲ್ಲ. ಮ್ಯಾನೇಜರು ಓದಿ, “ಇಷ್ಟೊಂದು ಒಪ್ಕೋಬೇಕಾಗಿರಲಿಲ್ಲ,” ಎಂದರು. ಅವಳು ಅದನ್ನು ಲಕೋಟೆಗೆ ಹಾಕಿ ಅಂಟಿಸಿದಳು.

ಸಭೆಯ ದಿನ ವಾಷರಿಯಲ್ಲಿ ಯಾರಿಗೂ ಕೆಲಸ ಓಡಲಿಲ್ಲ. ಮಧ್ಯಾಹ್ನ ಮೂರಕ್ಕೆ ಮ್ಯಾನೇಜರು ಮೆಟ್ಟಿಲಿಳಿದು ಬಂದು ಸುದ್ದಿ ಹೇಳಿದರು: ಮುಚ್ಚುವುದಿಲ್ಲ. ಪಂಪುಗಳನ್ನು ಬದಲಾಯಿಸುತ್ತಾರೆ. ಇನ್ನು ಮುಂದೆ ತಿಂಗಳಿಗೊಮ್ಮೆ ಸ್ಥಾವರದವರೂ ಮಾದರಿ ತೆಗೆಯುತ್ತಾರೆ. ಪ್ರಯೋಗಾಲಯದ ಮುಖ್ಯಸ್ಥೆಗೆ ಲಿಖಿತ ಎಚ್ಚರಿಕೆ.

ಆ ಸಂಜೆ ಅಣ್ಣ ಮನೆಗೆ ಬಂದವನೇ ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದ. “ನಾನು ಅವತ್ತೇ ಹೇಳ್ಲಿಲ್ವಾ? ಹೇಳ್ಲಿಲ್ವಾ?”

“ಹೇಳ್ದೆ.”

“ಪಂಪು ಕೆಟ್ಟ ವಾರ ಅಂತ ನಾನೇ ತಾನೇ ಹಿಡಿದುಕೊಟ್ಟಿದ್ದು?”

“ನೀನೇ.”

“ಕ್ಯಾಲೆಂಡರು ಯಾರದ್ದು?” ಎಂದಳು ಅತ್ತಿಗೆ ಒಳಗಿನಿಂದ.

ತಂಗಿ ಇಷ್ಟು ಸುಲಭವಾಗಿ ಒಪ್ಪಿಕೊಂಡದ್ದು ಅಣ್ಣನಿಗೆ ಹಿಡಿಸಲಿಲ್ಲ. ಎದುರಿಗೆ ಕುರ್ಚಿ ಎಳೆದುಕೊಂಡು ಕೂತ. “ಅದಿರಲಿ. ಆ ಎಚ್ಚರಿಕೆ ಕಾಗದ ಯಾಕೆ ನಿನಗೆ ಬಂತು? ಕಲ್ಲು ಆರಿಸಿದ್ದು ಜರಡಿ ಮಾಮ. ಆರಿಸು ಅಂತ ಬೈದಿದ್ದು ಮೆಕ್ಯಾನಿಕ್. ಆರು ವರ್ಷ ಅದಕ್ಕೆ ಸಹಿ ಹಾಕಿದ್ದು ಮ್ಯಾನೇಜರು. ನೀನೊಬ್ಬಳೇ ಯಾಕೆ ಹೊತ್ಕೊಂಡೆ?”

“ಯಾಕಂದ್ರೆ ತಪ್ಪು ನನ್ನದು.”

“ಪೂರ್ತಿನಾ?”

“ಪೂರ್ತಿ.”

ಅಣ್ಣ ಎರಡೂ ಕೈ ಮೇಲೆತ್ತಿ ಹೆಂಡತಿಯನ್ನು ಕೂಗಿದ. “ಕೇಳಿದ್ಯೇನೇ? ಇಷ್ಟು ವರ್ಷ ಸರಿಯಾಗಿರೋದು ತಾನೊಬ್ಬಳೇ ಅಂತಿದ್ದಳು. ಈಗ ತಪ್ಪು ಮಾಡೋದಕ್ಕೂ ಬೇರೆ ಯಾರನ್ನೂ ಬಿಡಲ್ಲ ಅಂತಾಳೆ!”

ಗಂಧಕದಕ್ಕ ಕನ್ನಡಕಕ್ಕೆ ಕೈ ಹಾಕಿದಳು. ಆಮೇಲೆ ಅದನ್ನು ಹಾಗೇ ಬಿಟ್ಟು, ತಟ್ಟೆಗಳನ್ನು ತರಲು ಎದ್ದು ಹೋದಳು.